ಒದ್ದೆ ಬಟ್ಟೆಗೂ ಒಂದು ಮರ್ಯಾದೆ

ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವವು ಆರಂಭವಾಗುತ್ತದೆ. ಬಸದಿಗೆ ಹೊರಡುವ ಮುನ್ನ ಗೃಹಿಣಿಯು ಬಟ್ಟೆಯ ಪೆಟ್ಟಿಗೆಯನ್ನು ತೆರೆಯುತ್ತಾಳೆ. ಮೂಡಬಿದಿರೆಯಾಗಲಿ, ಕಾರ್ಕಳವಾಗಲಿ, ಹೊಂಬುಜವಾಗಲಿ, ಮೂರು ತಿಂಗಳು ಮಳೆ ಹೊಯ್ದ ಊರಿನಲ್ಲಿ ಆಗ ಮೊದಲು ಎದುರಾಗುವುದು ಮುಗ್ಗಲು ವಾಸನೆ. ರೇಷ್ಮೆಸೀರೆಯ ಮಡಿಕೆಯಲ್ಲಿ ಬಿಳಿಯ ಬೂಷ್ಟು, ಪಂಚೆಯ ಅಂಚಿನಲ್ಲಿ ಕರಿಯ ಚುಕ್ಕೆ, ಮಗುವಿನ ಉಣ್ಣೆಯಂಗಿಯಲ್ಲಿ ಸಣ್ಣ ತೂತು. ಅವಳು ಸೀರೆಯನ್ನು ಕೊಡವುತ್ತಾಳೆ, ಬೂಷ್ಟನ್ನು ಒರೆಸುತ್ತಾಳೆ, ಪೂಜೆಗೆ ಹೊರಡುತ್ತಾಳೆ. ಒರೆಸಿದ್ದು ಜೀವರಾಶಿಯನ್ನು ಎಂಬ ವಿಚಾರವು ಆ ಅವಸರದಲ್ಲಿ ಯಾರ ಮನಸ್ಸಿಗೂ ಬಾರದು.

ಅದೇ ಮನೆಯ ಅಡುಗೆಕೋಣೆಯಲ್ಲಿ ಈ ವಿಚಾರವು ಎಂದೂ ಮರೆಯಾಗುವುದಿಲ್ಲ. ದಿಗಂಬರ ಸಂಪ್ರದಾಯದಲ್ಲಿ ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನಗಳ ಮರ್ಯಾದೆ. ತೇವ ಹೆಚ್ಚಿದಂತೆ ಜೀವೋತ್ಪತ್ತಿ ಹೆಚ್ಚುವುದೆಂಬ ಸೂಕ್ಷ್ಮವಾದ ಲೆಕ್ಕ ಅದರ ಹಿಂದಿದೆ. ಬೂಷ್ಟು ಹಿಡಿದ ಹಪ್ಪಳವನ್ನು ಶ್ರಾವಕರು ಮುಟ್ಟರು. ಪ್ರಾಚೀನ ಆಚಾರಗ್ರಂಥಗಳು ಪಾಚಿ, ಬೂಷ್ಟುಗಳನ್ನು ವನಸ್ಪತಿಕಾಯದಲ್ಲಿ ಎಣಿಸಿವೆ. ಇಂದಿನ ವಿಜ್ಞಾನವು ಬೂಷ್ಟನ್ನು ಸಸ್ಯವರ್ಗದಿಂದ ಬೇರೆಯಾಗಿಟ್ಟಿದೆಯಾದರೂ ಅದು ಸಜೀವವೆಂಬಲ್ಲಿ ಭೇದವಿಲ್ಲ. ಹಾಗಾದರೆ ಹಿಟ್ಟಿಗಿರುವ ಮರ್ಯಾದೆ ಒದ್ದೆ ಬಟ್ಟೆಗೆ ಏಕಿಲ್ಲ? ಹಿಟ್ಟು ಹೊಟ್ಟೆಗೆ ಹೋಗುತ್ತದೆ, ಬಟ್ಟೆ ಹೋಗುವುದಿಲ್ಲ ಎಂಬುದು ಸುಲಭವಾದ ಉತ್ತರ. ಆದರೆ ಆ ಉತ್ತರವು ತನ್ನ ಆರೋಗ್ಯದ ಚಿಂತೆಯೇ ಹೊರತು ಜೀವದಯೆಯಲ್ಲ.

ಬಟ್ಟೆ ಒಣಗದಿರುವುದರ ಕಾರಣವನ್ನು ಕೊಂಚ ನೋಡಬೇಕು. ಕೈಯಿಂದ ಹಿಂಡಿದ ಹತ್ತಿಬಟ್ಟೆಯು ತನ್ನ ಒಣತೂಕಕ್ಕೆ ಹೆಚ್ಚುಕಡಿಮೆ ಸಮನಾದ ನೀರನ್ನು ಹಿಡಿದುಕೊಂಡಿರುತ್ತದೆ. 4 ಕಿಲೋ ಬಟ್ಟೆಯನ್ನು ಹರವಿದರೆ ಸುಮಾರು 4 ಲೀಟರು ನೀರು ಆವಿಯಾಗಿ ಹೋಗಬೇಕು. ಮಳೆಗಾಲದಲ್ಲಿ ಗಾಳಿಯ ತೇವಾಂಶವು ಶೇಕಡಾ 90ರಷ್ಟಿರುವಾಗ, ಉದ್ದ, ಅಗಲ, ಎತ್ತರಗಳೆಲ್ಲ ಹತ್ತಡಿಯಿರುವ ಮುಚ್ಚಿದ ಕೋಣೆಯ ಗಾಳಿಯು ಇನ್ನು 100 ಗ್ರಾಂ ನೀರನ್ನೂ ಹೊರಲಾರದು. ಉಳಿದದ್ದು ಬಟ್ಟೆಯಲ್ಲೇ ನಿಲ್ಲುತ್ತದೆ, ಇಲ್ಲವೆ ಗೋಡೆಗೆ, ಹಾಸಿಗೆಗೆ, ಪುಸ್ತಕಕ್ಕೆ ಇಳಿಯುತ್ತದೆ. ಕಿಟಕಿ ಮುಚ್ಚಿ ಬಟ್ಟೆ ಒಣಹಾಕುವುದು ನಿಷ್ಫಲ.

ಹಿಂದಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲ್ಗಡೆ ಬಿದಿರ ಗಳಗಳನ್ನು ಹಗ್ಗದಿಂದ ತೂಗಹಾಕುತ್ತಿದ್ದರು. ಹಂಡೆಯ ನೀರು ಕಾಯಿಸಿದ ಶಾಖವೇ ಬಟ್ಟೆಯನ್ನೂ ಒಣಗಿಸುತ್ತಿತ್ತು. ಹೆಂಚಿನ ಸಂದಿಯಿಂದ ಆವಿ ಹೊರಹೋಗುತ್ತಿತ್ತು. ಒಲೆಯ ಜಾಗಕ್ಕೆ ವಿದ್ಯುತ್ ಹೀಟರು, ಹೆಂಚಿನ ಜಾಗಕ್ಕೆ ತಾರಸಿ ಬಂದ ಮೇಲೆ ಬಟ್ಟೆಗಳು ಕುರ್ಚಿಯ ಬೆನ್ನಿಗೆ, ಕಿಟಕಿಯ ಸರಳಿಗೆ, ಮಂಚದ ಅಂಚಿಗೆ ವಲಸೆ ಬಂದವು. ಕಡೆಗೆ ಅರೆ ಒಣಗಿದ್ದನ್ನೇ ಮಡಚಿ ಕಪಾಟಿಗೆ ತುರುಕುವುದು ರೂಢಿಯಾಯಿತು.

ಹಿಂಸೆಯು ನಡೆದದ್ದು ಎಲ್ಲಿ ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ. ಬೂಷ್ಟನ್ನು ಒರೆಸಿದಾಗಲೆ? ತೊಳೆಯದೆ ಬಿಟ್ಟರೆ ಅದು ಇನ್ನಷ್ಟು ಬೆಳೆಯುವುದು, ಆದುದರಿಂದ ಒರೆಸಿದವಳನ್ನು ದೂಷಿಸಲಾಗದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪ್ರಮಾದದಿಂದೊಡಗೂಡಿದ ಪ್ರಾಣಹಾನಿಯನ್ನು ಹಿಂಸೆಯೆಂದು ಕರೆಯುತ್ತದೆ. ಆ ದೃಷ್ಟಿಯಿಂದ ನೋಡಿದರೆ ದೋಷವು ಸಂಭವಿಸಿದ್ದು ತಿಂಗಳ ಹಿಂದೆ, ತೇವವಿದೆಯೆಂದು ಬೆರಳಿಗೆ ತಿಳಿದರೂ ಕೈ ಮಡಚಿಟ್ಟ ಗಳಿಗೆಯಲ್ಲಿ. ಇನ್ನೂ ಹಿಂದೆ ಹೋದರೆ, ಒಣಗಿಸಲಾಗದಷ್ಟು ಬಟ್ಟೆಯನ್ನು ಕೊಂಡ ದಿನದಲ್ಲಿ. ಒಣಗಿಸಲು ಬೆಂಕಿ, ಗಾಳಿಗಳೂ ಬೇಕಲ್ಲ, ಅಲ್ಲಿಯೂ ಜೀವಬಾಧೆಯಿಲ್ಲವೆ ಎಂದು ಕೇಳುವವರುಂಟು. ಇದೆ. ಗೃಹಸ್ಥನಿಗೆ ಆರಂಭೀ ಹಿಂಸೆಯು ಪೂರ್ಣವಾಗಿ ತಪ್ಪದು. ಆದರೆ ತಪ್ಪದ ಹಿಂಸೆಯ ನೆಪದಲ್ಲಿ ತಪ್ಪಿಸಬಹುದಾದುದನ್ನು ಸಹಿಸಿಕೊಳ್ಳುವುದು ಆ ವಿನಾಯಿತಿಯ ಅಭಿಪ್ರಾಯವಲ್ಲ.

ಒಂದು ಪ್ರಮಾದವು ಇನ್ನೊಂದನ್ನು ಕರೆತರುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ಬೆಳ್ಳಿಬಣ್ಣದ ಹುಳು ತಿನ್ನುತ್ತದೆ, ಬೆವರಿನ ಕಲೆಯುಳ್ಳ ಉಣ್ಣೆ, ರೇಷ್ಮೆಗಳನ್ನು ಪತಂಗದ ಮರಿಹುಳು ತಿನ್ನುತ್ತದೆ. ಆಗ ನುಸಿಗುಳಿಗೆ ಬರುತ್ತದೆ. ಇರುವೆಗೆ ಹಾದಿ ಬಿಟ್ಟು ನಡೆಯುವ ಮನೆಯವರೇ ಕೊಲ್ಲುವ ಗುಳಿಗೆಯನ್ನು ಸೀರೆಗಳ ನಡುವೆ ಇಟ್ಟು ಬಾಗಿಲು ಮುಚ್ಚುತ್ತಾರೆ. ಅದರಲ್ಲಿರುವ ನ್ಯಾಫ್ತಲೀನ್ ಹುಳುವನ್ನು ಮಾತ್ರ ಬಾಧಿಸುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಯ ಶಿಶುವನ್ನು ಆ ವಾಸನೆಯ ಬಟ್ಟೆಯಲ್ಲಿ ಸುತ್ತಿದರೆ ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆಯಾಗಬಹುದು. ಒಗೆದು, ಪೂರ್ಣ ಒಣಗಿಸಿ, ಲಾವಂಚದ ಬೇರನ್ನೋ ಒಣಗಿದ ಬೇವಿನೆಲೆಯನ್ನೋ ಇಡುವ ಹಳೆಯ ಪದ್ಧತಿಯಲ್ಲಿ ಈ ಭಯವಿಲ್ಲ. ಆದರೆ ಬೇವು, ಲಾವಂಚಗಳು ಒದ್ದೆ ಬಟ್ಟೆಯನ್ನು ಕಾಯಲಾರವು.

ಪರಿಗ್ರಹ ಪರಿಮಾಣದ ವ್ರತವನ್ನು ಹೊಲ, ಮನೆ, ಚಿನ್ನಗಳಿಗೆ ಅನ್ವಯಿಸುವವರು ಬಟ್ಟೆಯನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಆ ವ್ರತದ ಪಟ್ಟಿಯಲ್ಲಿ ಬರುವ ಕುಪ್ಯ ಎಂಬ ಪದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹತ್ತಿ, ರೇಷ್ಮೆಗಳನ್ನು ಸೇರಿಸಿಯೇ ಅರ್ಥ ಹೇಳಿದ್ದಾರೆ. ಅದಕ್ಕೆ ಪರಿಮಾಣ ಯಾವುದು? ಮಳೆಗಾಲದ ಹಗ್ಗವೇ ಪರಿಮಾಣವಾಗಬಹುದು. ಒಂದರ ಮೇಲೊಂದು ಬೀಳದಂತೆ, ನಡುವೆ ಗೇಣಗಲ ಗಾಳಿಯಾಡುವಂತೆ, ಎದುರುಬದುರು ಕಿಟಕಿ ತೆರೆದ ಒಂದೇ ಸ್ಥಳದಲ್ಲಿ ಹರವಬಲ್ಲಷ್ಟು ಬಟ್ಟೆ ದಿನಬಳಕೆಗಿದ್ದರೆ ಸಾಕು. ಕೂಸಿರುವ ಮನೆಗೆ, ರೋಗಿಯಿರುವ ಮನೆಗೆ ಇದು ಸಾಲದು, ಅಲ್ಲಿ ಹಗ್ಗವೇ ಹೆಚ್ಚಬೇಕು. ಉಣ್ಣೆಯನ್ನು ತೂಗಹಾಕದೆ ಹರಡಬೇಕು. ದಪ್ಪ ಹೊಲಿಗೆಯ ಕಡೆಯನ್ನು ಹೊರಕ್ಕೆ ತಿರುಗಿಸಬೇಕು. ಬೆಂಕಿಯ ಬಳಿಯಿಂದಲೋ ಇಸ್ತ್ರಿಯಿಂದಲೋ ಬಂದ ಬಿಸಿ ಬಟ್ಟೆಯನ್ನು ಆರಲು ಬಿಟ್ಟೇ ಮಡಚಬೇಕು. ಮುನಿಗಳು ಪುಸ್ತಕ, ಕಮಂಡಲುಗಳನ್ನು ನೋಡಿ ಎತ್ತುವ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯ ಒಂದಂಶವಾದರೂ ಗೃಹಸ್ಥನ ಕಪಾಟಿಗೆ ಸಲ್ಲಬಾರದೆ?

ಕೊಳ್ಳುವವರು ಎಲ್ಲರೂ, ಒಣಗಿಸುವವಳು ಸೊಸೆಯೊಬ್ಬಳೇ ಎಂಬ ಸ್ಥಿತಿಯಲ್ಲಿ ಯಾವ ಪರಿಮಾಣವೂ ನಿಲ್ಲದು. ತನ್ನ ಪಂಚೆಯನ್ನು ತಾನೇ ಹರವಿ, ಮುಟ್ಟಿನೋಡಿ, ಮಡಚಿಡುವ ಗಂಡಸಿಗೆ ಹತ್ತನೆಯ ಪಂಚೆ ಬೇಕೆನಿಸುವುದು ಕಷ್ಟ.

ಬಸದಿಗಳ ಉಗ್ರಾಣವನ್ನೂ ಇಲ್ಲಿ ನೆನೆಯಬೇಕು. ಉತ್ಸವದ ಜಮಖಾನೆ, ಪರದೆಗಳು ಮಳೆಯಲ್ಲಿ ನೆನೆದು ಬಂದು ಸುರುಳಿಯಾಗಿಯೇ ಮೂಲೆ ಸೇರುವುದುಂಟು. ಹಂಚಲೆಂದು ಭಕ್ತರು ಕೊಟ್ಟ ಕಂಬಳಿಗಳು ಚಳಿಗಾಲಕ್ಕೆಂದು ಕಾದಿದ್ದು, ಚಳಿ ಬರುವಷ್ಟರಲ್ಲಿ ಮುಗ್ಗಿರುತ್ತವೆ. ಮುಗ್ಗಿದ ಕಂಬಳಿಯನ್ನು ಬಡವನಿಗೆ ಕೊಡುವುದು ದಾನವೆನಿಸದು, ಅದು ಉಗ್ರಾಣವನ್ನು ಖಾಲಿಮಾಡುವ ಉಪಾಯ. ಆಷಾಢದ ಮಳೆಯಲ್ಲಿಯೇ ನಡುಗುವವರಿರುವಾಗ ಮಾರ್ಗಶಿರದವರೆಗೆ ಕಾಯುವ ಅಗತ್ಯವಾದರೂ ಏನು?

ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ಧವಲಾದಿ ಸಿದ್ಧಾಂತಗ್ರಂಥಗಳ ತಾಡೆಯೋಲೆಗಳು ಅಷ್ಟು ಮಳೆ ಸುರಿಯುವ ಮೂಡಬಿದಿರೆಯಲ್ಲಿಯೇ ಶತಮಾನಗಳ ಕಾಲ ಉಳಿದುಬಂದವು. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಸುತ್ತಿದ ವಸ್ತ್ರವನ್ನು ಬದಲಿಸಿ ಪೂಜಿಸುವ ಸಂಪ್ರದಾಯವಿದೆ. ಓಲೆಯ ಹೊದಿಕೆಯನ್ನು ಬದಲಿಸುವ ಆ ದಿನ ಬಸದಿಯ ಉಗ್ರಾಣವನ್ನೂ ಮನೆಯ ಪೆಟ್ಟಿಗೆಯನ್ನೂ ತೆರೆಯಲು ಯಾವ ಅಡ್ಡಿಯೂ ಇಲ್ಲ. ಮಳೆ ಬಲವಾಗಿ ಹಿಡಿಯುವುದಕ್ಕೆ ಆಗ ಸಾಮಾನ್ಯವಾಗಿ ಕೆಲವು ದಿನಗಳಾದರೂ ಉಳಿದಿರುತ್ತವೆ, ಬಿಸಿಲೂ ಇರುತ್ತದೆ.