ಪರಭಾಷೆಯಲ್ಲಿ ಸತ್ಯವಾಕ್ಯ

ತನಗೆ ಪೂರ್ಣವಾಗಿ ವಶವಾಗದ ಭಾಷೆಯೊಂದರಲ್ಲಿ, ಜೀವನೋಪಾಯಕ್ಕೋಸ್ಕರ, ಪರೀಕ್ಷಕರ ಮುಂದೆ ಒಬ್ಬನು ತನ್ನ ವಿಷಯವನ್ನು ತಾನೇ ಹೇಳಿಕೊಳ್ಳಬೇಕಾಗಿ ಬಂದರೆ, ಆ ಮಾತಿಗೆ ಅವನು ಎಷ್ಟರಮಟ್ಟಿಗೆ ಹೊಣೆ? ಕಂಠಪಾಠ ಮಾಡಿ ಒಪ್ಪಿಸಿದ ಉತ್ತರವು ಅವನ ಮಾತೋ, ಬರೆದುಕೊಟ್ಟವರ ಮಾತೋ? ಕೆಲವು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಈ ಪ್ರಶ್ನೆ ಯಾರಿಗೂ ಬೇಕಾಗಿರಲಿಲ್ಲ. ಈಗ ಜರ್ಮನಿಯಲ್ಲಿ ಸಾಫ್ಟ್‌ವೇರ್ ಕೆಲಸವನ್ನು ಬಯಸಿ, ಜರ್ಮನ್ ಭಾಷೆಯಲ್ಲಿಯೇ ಸಂದರ್ಶನಕ್ಕೆ ಕುಳಿತುಕೊಳ್ಳುವ ತರುಣರು ಭದ್ರಾವತಿಯಲ್ಲಿಯೂ ಇರುವುದರಿಂದ, ಇದನ್ನು ಸ್ವಲ್ಪ ವಿಚಾರಮಾಡಿ ನೋಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಪೂರ್ವದಲ್ಲಿ ಬೆಂಕಿಪುರವೆನಿಸಿಕೊಂಡಿದ್ದ ಈ ಊರಿಗೆ ಕೆಲಸವೇ ನಡೆದು ಬಂದಿತ್ತು. ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ತಮಿಳರು, ತೆಲುಗರು, ಮಲೆಯಾಳಿಗಳು, ಉರ್ದು ಮಾತನಾಡುವವರು ಬಂದು ಇಲ್ಲಿ ನೆಲೆಸಿದರು. ಕುಲುಮೆಯ ಮುಂದೆ ನಿಂತವನ ವ್ಯಾಕರಣವನ್ನು ಯಾರು ಪರೀಕ್ಷಿಸುವರು? ಅವರವರ ಕನ್ನಡ ಅವರವರಿಗೆ ಸಾಕಾಯಿತು. ಈಗಲಾದರೋ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಸಂದಿವೆ; ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು ೨೦೨೩ರಲ್ಲಿ ಹೊರಟು ಊರೆಲ್ಲ ಕಳವಳಗೊಂಡಿತು. ಮಕ್ಕಳು ಹೊರಗೆ ನೋಡುವುದರಲ್ಲಿ ಆಶ್ಚರ್ಯವಿಲ್ಲ.

ಕುಶಲರಾದ ಪರದೇಶೀಯರನ್ನು ಬರಮಾಡಿಕೊಳ್ಳಲು ಜರ್ಮನಿಯು ಮಾಡಿದ ಕಾನೂನು ೨೦೨೦ರ ಮಾರ್ಚಿ ತಿಂಗಳಲ್ಲಿ ಜಾರಿಗೆ ಬಂದು, ೨೦೨೩ರಲ್ಲಿ ಇನ್ನಷ್ಟು ಸಡಿಲವಾಯಿತು. ಕಂಪ್ಯೂಟರ್ ಕೆಲಸದವರಿಗೆ ಭಾಷೆಯ ವಿಷಯದಲ್ಲಿ ಸರ್ಕಾರವು ರಿಯಾಯಿತಿಯನ್ನೂ ತೋರಿಸಿದೆ. ಆದರೆ ಸರ್ಕಾರ ಬಿಟ್ಟರೆ ಸಾಲದು, ಯಜಮಾನನೂ ಬಿಡಬೇಕಷ್ಟೆ. ದೊಡ್ಡ ನಗರಗಳ ಹಲವು ಸಂಸ್ಥೆಗಳಲ್ಲಿ ಇಂಗ್ಲೀಷಿನಿಂದಲೇ ವ್ಯವಹಾರ ಸಾಗುವುದು. ಸಣ್ಣ ಸಂಸ್ಥೆಗಳಲ್ಲಿ ಹಾಗಲ್ಲ. ಯಂತ್ರಕ್ಕೆ ಬರೆಯುವ ಸಂಕೇತಭಾಷೆಯು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವಾಗ ಜರ್ಮನ್ ಯಾಕೆಂದು ಹುಡುಗರು ಗೊಣಗುತ್ತಾರೆ. ಈ ಗೊಣಗಾಟವನ್ನು ನಾನು ಒಪ್ಪಲಾರೆ. ಹೊಸದಾಗಿ ಸೇರಿದ ಕಿರಿಯನು ಕೇಳಿ ಕೇಳಿ ಕಲಿಯಬೇಕಾದವನು. ಪಕ್ಕದಲ್ಲಿ ಕುಳಿತವರ ಮಾತು ತಿಳಿಯದೆ ಅವನು ಕಲಿಯುವುದೇನನ್ನು?

ಆ ಭಾಷೆ ನಮಗೆ ಅಷ್ಟೇನೂ ದೂರದ್ದಲ್ಲವೆಂದು ಕಾಣುತ್ತದೆ. ಅದರ ಉಪವಾಕ್ಯಗಳಲ್ಲಿ ಕ್ರಿಯಾಪದವು ಕನ್ನಡದಂತೆ ಕಡೆಗೇ ಬರುವುದು. ಸಮಾಸಗಳೋ ಬಾಣಭಟ್ಟನಿಗೆ ಮೆಚ್ಚುಗೆಯಾಗುವಷ್ಟು ಉದ್ದ. ಹುಡುಗಿ ಎಂಬ ಅರ್ಥದ ಶಬ್ದವು ಅಲ್ಲಿ ನಪುಂಸಕಲಿಂಗವೆಂದು ಶಿಷ್ಯನೊಬ್ಬನು ನಗುತ್ತ ಹೇಳಿದನು. ಹೆಂಡತಿ ಎಂಬರ್ಥದ ‘ಕಲತ್ರ’ ಶಬ್ದವನ್ನು ನಪುಂಸಕದಲ್ಲಿಯೂ ‘ದಾರ’ ಶಬ್ದವನ್ನು ಪುಲ್ಲಿಂಗ ಬಹುವಚನದಲ್ಲಿಯೂ ಕಲಿತ ನನಗೆ ನಗು ಬರಲಿಲ್ಲ.

ಈ ಶಿಷ್ಯನ ಸಂಗತಿಯೇ ಈ ಲೇಖನಕ್ಕೆ ಕಾರಣ. ಅವನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಎರಡು ವರ್ಷ ಕೆಲಸಮಾಡಿ, ತಾಯಿಯ ಕಾಯಿಲೆಯ ನಿಮಿತ್ತ ಅದನ್ನು ಬಿಟ್ಟು, ಎಂಟು ತಿಂಗಳು ಮನೆಯಲ್ಲಿದ್ದನು. ಜರ್ಮನ್ ಭಾಷೆಗೆ ಆರು ಮೆಟ್ಟಿಲುಗಳನ್ನು ಕಲ್ಪಿಸಿದ್ದಾರೆ. ಅದರಲ್ಲಿ ಮೂರನ್ನು ಹತ್ತಿದ್ದನು. ಸಂದರ್ಶನಕ್ಕಾಗಿ ನಾಲ್ವತ್ತು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದನು. ನಿನ್ನ ವಿಷಯವನ್ನು ಹೇಳು, ನಿನ್ನ ಗುಣವೇನು, ದೌರ್ಬಲ್ಯವೇನು—ಹೀಗೆ. ಆತ್ಮಸ್ತುತಿಯನ್ನು ದೋಷವೆಂದು ಕೇಳಿ ಬೆಳೆದ ಹುಡುಗನಿಗೆ ಅದೇ ಮೊದಲಿನ ಸಂಕಟ. ಆ ಎಂಟು ತಿಂಗಳು ಏನು ಮಾಡಿದೆಯೆಂದು ಪರೀಕ್ಷಕರು ಕೇಳಲು, ಹೊಸ ವಿದ್ಯೆಯೊಂದನ್ನು ಅಭ್ಯಾಸಮಾಡುತ್ತಿದ್ದೆನೆಂದು ಪಾಠದಂತೆ ಒಪ್ಪಿಸಿದನು. ಯಾವ ವಿದ್ಯೆ, ಹೇಗೆ ಕಲಿತೆ ಎಂದು ಅವರು ಮುಂದುವರಿಸಿದಾಗ ಮೂಕನಾದನು.

ಬಂದು ಕೇಳಿದನು: “ಮೇಷ್ಟ್ರೇ, ನಾನು ಹೇಳಿದ್ದು ಸುಳ್ಳೇ? ನನಗೆ ಬರುತ್ತಿದ್ದ ಮಾತೇ ಅಷ್ಟು.”

ಯೋಗಸೂತ್ರಗಳಿಗೆ ವ್ಯಾಸಭಾಷ್ಯವೆಂಬುದುಂಟಷ್ಟೆ. ಅದರಲ್ಲಿ ಸತ್ಯವನ್ನು ನಿರೂಪಿಸುವಾಗ, ಮಾತು ಮನಸ್ಸುಗಳೆರಡೂ ವಸ್ತುವಿಗೆ ಅನುಸಾರವಾಗಿರಬೇಕೆಂದು ಹೇಳಿ, ತನ್ನ ಅರಿವನ್ನು ಇನ್ನೊಬ್ಬನಲ್ಲಿ ಸೇರಿಸುವುದಕ್ಕಾಗಿ ಆಡಿದ ಮಾತಿಗೆ ಮೂರು ದೋಷಗಳು ಇರಕೂಡದೆಂದು ಎಣಿಸಿದೆ: ವಂಚನೆ, ಭ್ರಾಂತಿ, ಪ್ರತಿಪತ್ತಿವಂಧ್ಯತೆ, ಎಂದರೆ ಕೇಳುವವನಲ್ಲಿ ಅರಿವನ್ನು ಹುಟ್ಟಿಸಲಾರದ ಬಂಜೆತನ. ಈ ಮೂರನೆಯದಕ್ಕೆ ವಾಚಸ್ಪತಿಮಿಶ್ರರು ಕೊಟ್ಟ ಉದಾಹರಣೆ ಪರಭಾಷೆಯೇ ಎಂಬುದನ್ನು ನೆನೆದು ನನಗೆ ವಿಸ್ಮಯವಾಯಿತು. ಕೇಳುವವನಿಗೆ ಅರ್ಥವಾಗದ ಭಾಷೆಯಲ್ಲಿ ಆಡಿದ ಮಾತು ಸತ್ಯದ ಪದವಿಗೇರದು. ಆದಕಾರಣ, ಅನ್ಯರ ಭಾಷೆಯನ್ನು ಕಲಿತು ಅವರಿಗೆ ತಿಳಿಯುವಂತೆ ಹೇಳಲು ಶ್ರಮಪಡುವುದೇ ಸತ್ಯದ ಕಡೆಗೆ ಒಂದು ಹೆಜ್ಜೆ.

ಇನ್ನು ಕಂಠಪಾಠದ ವಿಷಯ. ಅನ್ಯರು ರಚಿಸಿದ ವಾಕ್ಯವನ್ನಾಡಿದ ಮಾತ್ರಕ್ಕೆ ಅದು ಸುಳ್ಳಾಗದು. ಮದುವೆಯಲ್ಲಿ ವರನು ಪುರೋಹಿತರು ಹೇಳಿಕೊಟ್ಟ ಮಂತ್ರವನ್ನು, ಅರ್ಥ ಅರ್ಧಮರ್ಧ ತಿಳಿದಿದ್ದರೂ, ಹೇಳಿ ಕಟ್ಟುಬೀಳುತ್ತಾನೆ. ಮಾತು ನನ್ನದಲ್ಲವೆಂದು ಆಮೇಲೆ ಜಾರಿಕೊಂಡರೆ ನಾವು ಬಿಡುವೆವೇ? ಆದರೆ ಸಂದರ್ಶನದಲ್ಲಿ ಉತ್ತರವು ಎರಡು ಕೆಲಸಗಳನ್ನು ಮಾಡುವುದು. ತನ್ನ ಅರ್ಥವನ್ನು ಹೇಳುವುದು ಒಂದು. ಹೇಳುವವನಿಗೆ ಭಾಷೆ ಬರುತ್ತದೆಂಬುದಕ್ಕೆ ಲಿಂಗವಾಗುವುದು, ಹೊಗೆಯು ಬೆಂಕಿಗಾದಂತೆ, ಇನ್ನೊಂದು. ಬಾಯಿಪಾಠದ ಉತ್ತರವು ಅರ್ಥದಲ್ಲಿ ನಿಜವಾಗಿದ್ದು, ಲಿಂಗವಾಗಿ ಮಂಜನ್ನು ಹೊಗೆಯೆಂದು ತೋರಿಸಬಹುದು. ಇದು ವಂಚನೆಯಲ್ಲವೇ ಎಂದರೆ, ಪರೀಕ್ಷಕರು ಅಷ್ಟು ಮುಗ್ಧರಲ್ಲ. ಎಲ್ಲರೂ ಪಾಠಮಾಡಿಕೊಂಡು ಬರುವರೆಂಬುದು ಅವರಿಗೆ ಗೊತ್ತು. ಅದಕ್ಕಾಗಿಯೇ ಉಪಪ್ರಶ್ನೆಯನ್ನು ಹಾಕುತ್ತಾರೆ. ಇಬ್ಬರಿಗೂ ತಿಳಿದ ಸಮಯದೊಳಗೆ ನಡೆದದ್ದು ಮೋಸವಲ್ಲ. ಪರದೆಯ ಮರೆಯಲ್ಲಿ ಯಂತ್ರವೋ ಮಿತ್ರನೋ ಪಿಸುಗುಟ್ಟಿದ ಉತ್ತರವನ್ನು ಓದಿ ಹೇಳುವುದು ಬೇರೆ. ಅದನ್ನು ಚರ್ಚಿಸಬೇಕಾದ್ದೇ ಇಲ್ಲ, ಅದು ಶುದ್ಧ ಮೋಸ.

ಶಿಷ್ಯನ ಉತ್ತರವಾದರೋ ಅರ್ಥದಲ್ಲಿಯೇ ನಿಜವಲ್ಲ. ಭಾಷೆ ಸಾಲದಾಯಿತೆಂಬ ಸಮಾಧಾನವನ್ನು ನಾನು ಒಪ್ಪಲಿಲ್ಲ. “ನನ್ನ ತಾಯಿಗೆ ಕಾಯಿಲೆಯಾಗಿತ್ತು” ಎಂಬುದನ್ನು ಜರ್ಮನಿನಲ್ಲಿ ಹೇಳೆಂದೆ. ಒಂದು ಕ್ಷಣವೂ ತಡೆಯದೆ ಹೇಳಿದನು. ಅದು ಮೊದಲನೆಯ ಮೆಟ್ಟಿಲಿನ ವಾಕ್ಯವಂತೆ. ಹಾಗಾದರೆ ಇಲ್ಲದ್ದು ಮಾತಲ್ಲ, ಧೈರ್ಯ. ಮನೆಯ ಕಷ್ಟವನ್ನು ಹೇಳಿಕೊಂಡವನನ್ನು ದುರ್ಬಲನೆಂದು ತಿಳಿಯುವರೆಂದು, ತರಬೇತಿ ಕೊಟ್ಟವರು ಆ ಉತ್ತರವನ್ನು ಬರೆಸಿದ್ದರಂತೆ.

ಆಮೇಲೆ ಅವನಾಡಿದ ಒಂದು ಮಾತು ನನ್ನನ್ನು ಬಹುದಿನ ಕಾಡಿತು. “ಕನ್ನಡದಲ್ಲಾಗಿದ್ದರೆ ನಾಲಗೆ ಏಳುತ್ತಿರಲಿಲ್ಲ, ಮೇಷ್ಟ್ರೇ. ಆ ಭಾಷೆಯಲ್ಲಿ ಸುಳ್ಳು ಹೇಳಿದರೆ ಸುಳ್ಳು ಹೇಳಿದಂತೆಯೇ ಅನ್ನಿಸುವುದಿಲ್ಲ.” ನಿಜವಿರಬಹುದು. ಬಾಲ್ಯದಲ್ಲಿ ಬೈಸಿಕೊಂಡ, ಅತ್ತ, ಆಣೆಯಿಟ್ಟ ಭಾಷೆಗೆ ಮಾತ್ರ ನಾಚಿಕೆಯ ಮುಳ್ಳುಂಟು. ವಯಸ್ಸಾದ ಮೇಲೆ ಕಲಿತ ಶಬ್ದಗಳು ಅಂಗಡಿಯಿಂದ ತಂದ ಹೊಸ ಪಾತ್ರೆಗಳಂತೆ. ಅವುಗಳಲ್ಲಿ ಏನು ತುಂಬಿದರೂ ವಾಸನೆ ಹತ್ತದು. ಇದು ನನಗೆ ಕಂಠಪಾಠಕ್ಕಿಂತ ದೊಡ್ಡ ಅಪಾಯವಾಗಿ ತೋರುತ್ತದೆ.

ಇದೇ ದಾರಿಯಲ್ಲಿ ಎದುರುಗಡೆಯಿಂದ ಬಂದವರೊಬ್ಬರುಂಟು. ಜರ್ಮನ್ನರಾದ ಕಿಟ್ಟೆಲ್ಲರು ೧೮೫೩ರಲ್ಲಿ ಇಲ್ಲಿಗೆ ಬಂದು, ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಪ್ರಕಟಿಸಿ, ೧೮೯೪ರಲ್ಲಿ ತಮ್ಮ ಕನ್ನಡ ನಿಘಂಟನ್ನು ಅಚ್ಚುಹಾಕಿಸಿದರು. ಒಂದೊಂದು ಶಬ್ದವನ್ನೂ ತೂಗಿನೋಡಿ ಬಳಸಿದವರ ಕೆಲಸವದು. ಮೊದಲಿಗೆ ಅವರ ನಾಲಗೆಯೂ ತೊಡರಿರಬೇಕು. ಆ ತೊಡರನ್ನು ಸಹಿಸಿ ಯಾರೋ ಕನ್ನಡಿಗರು ಕಲಿಸಿರಲೇಬೇಕು. ಸಂದರ್ಶನದ ಮೇಜಿನ ಆಚೆ ಕುಳಿತವರಿಗೂ ಹಾಗೆ ಒಂದು ಧರ್ಮವಿದೆ. ನಮ್ಮ ವಾಕ್ಯಾರ್ಥಸಭೆಗಳಲ್ಲಿ ಕೇಳುವವನಿಗೂ ಹೇಳುವವನಿಗೂ ಸಂಸ್ಕೃತವು ಕಲಿತ ಭಾಷೆಯೇ, ಇಬ್ಬರೂ ಸಮಾನ. ಇಲ್ಲಿ ಒಬ್ಬನು ತನ್ನ ಮನೆಯ ಜಗಲಿಯಲ್ಲಿ ಕುಳಿತವನು, ಇನ್ನೊಬ್ಬನು ಹೊಸ್ತಿಲಲ್ಲಿ ನಿಂತವನು. ಮಾತು ನಿಧಾನವಾದರೆ ಬುದ್ಧಿಯೂ ನಿಧಾನವೆಂದು ಎಣಿಸುವ ಪರೀಕ್ಷಕನು ಭ್ರಾಂತಿಯ ದೋಷಕ್ಕೆ ಪಾತ್ರನು. ಆ ಪಾಲನ್ನು ಹುಡುಗನ ತಲೆಗೆ ಕಟ್ಟಲಾಗದು.

ಎರಡನೆಯ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದಿತು. ತಾಯಿಗೆ ಕಾಯಿಲೆಯಾಗಿತ್ತು, ನಾನೊಬ್ಬನೇ ಮಗ, ಮನೆಯಲ್ಲಿದ್ದೆ ಎಂದು ಮೂರು ಸಣ್ಣ ವಾಕ್ಯಗಳಲ್ಲಿ ಹೇಳಿದನಂತೆ. ಒಂದರಲ್ಲಿ ವಿಭಕ್ತಿ ತಪ್ಪಿತು. ಈಗ ಹೇಗಿದ್ದಾರೆಂದು ಪರೀಕ್ಷಕಳು ಕೇಳಿದಳು. ಅದಕ್ಕೆ ಪಾಠದಲ್ಲಿ ಉತ್ತರವಿರಲಿಲ್ಲವಾದರೂ ಹೇಳಿದನು. ಆ ಕೆಲಸ ಅವನಿಗೆ ದೊರೆಯಲಿಲ್ಲ. ಕಾರಣವನ್ನು ಅವರು ತಿಳಿಸಲಿಲ್ಲ. ಈಗ ನಾಲ್ಕನೆಯ ಮೆಟ್ಟಿಲಿನ ಪರೀಕ್ಷೆಗೆ ಓದುತ್ತಿದ್ದಾನೆ.