ಬೀಳದೇ ಉಳಿದ ಕಟ್ಟಡದ ಲೆಕ್ಕ ಇಡೋರು ಯಾರು?

ಫ್ಲ್ಯಾಟ್ ಕೊಳ್ಳೋಕೆ ಹೋದಾಗ ನಾವು ಏನೇನು ನೋಡ್ತೀವಿ? ಬಾಗಿಲು ಯಾವ ದಿಕ್ಕಿಗಿದೆ, ಕಾವೇರಿ ನೀರು ಬರುತ್ತಾ, ಮೆಟ್ರೋ ಎಷ್ಟು ದೂರ, ಬಾಲ್ಕನಿಯಲ್ಲಿ ಎರಡು ಕುರ್ಚಿ ಹಿಡಿಯುತ್ತಾ. ಆಮೇಲೆ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕ್ತೀವಿ. ಪಾರ್ಕಿಂಗ್‌ನಲ್ಲಿ ಇಡೀ ಕಟ್ಟಡವನ್ನು ಹೊತ್ತು ನಿಂತಿರುವ ಕಂಬದ ಕಡೆ ಮಾತ್ರ ಯಾರೂ ತಿರುಗಿ ನೋಡಲ್ಲ. ಅದನ್ನೆಲ್ಲ ಯಾರೋ ನೋಡಿರ್ತಾರೆ ಅನ್ನೋದು ನಮ್ಮ ನಂಬಿಕೆ.

ಆ 'ಯಾರೋ' ಆಗುವುದನ್ನೇ ಒಬ್ಬರು ವೃತ್ತಿಯಾಗಿ ಆರಿಸಿಕೊಂಡರೆ? ನಮ್ಮಲ್ಲಿ ಸರ್ವೇಯರ್ ಅಂದ್ರೆ ಜಮೀನು ಅಳೆಯುವವರು. ಬ್ರಿಟನ್ನಿನಲ್ಲಿ ಬಿಲ್ಡಿಂಗ್ ಸರ್ವೇಯರ್ ಅನ್ನುವುದೇ ಬೇರೆ ವೃತ್ತಿ. ಸರ್ವೇಯರುಗಳ ಸಂಸ್ಥೆ ಅಲ್ಲಿ 1868ರಲ್ಲೇ ಶುರುವಾಯಿತು. ನಮ್ಮ ನಗರಗಳಲ್ಲಿ ಹೆಚ್ಚುಕಡಿಮೆ ಇದೇ ಕೆಲಸವನ್ನು ಸ್ಟ್ರಕ್ಚರಲ್ ಆಡಿಟ್ ಅನ್ನುವ ಹೆಸರಿನಲ್ಲಿ ಸಿವಿಲ್ ಎಂಜಿನಿಯರುಗಳು ಮಾಡ್ತಾರೆ. ಹೊಸದನ್ನು ಕಟ್ಟುವುದಲ್ಲ, ಕಟ್ಟಿ ನಿಂತಿರುವುದು ಹೇಗಿದೆ ಅಂತ ಹೇಳುವುದು.

ಹೇಳುವುದು ಹೇಗೆ? ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿದವರಿಗೆ ಫಿನಾಲ್ಫ್ತಲೀನ್ ನೆನಪಿರಬೇಕು. ಅದನ್ನೇ ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರಗುಣ ಇನ್ನೂ ಇದೆ, ಒಳಗಿನ ಕಬ್ಬಿಣವನ್ನು ಕಾಯುತ್ತಿದೆ ಅಂತ. ಬಣ್ಣ ಬರದಿದ್ದರೆ ಅಲ್ಲಿ ಆ ರಕ್ಷಣೆ ಹೋಗಿದೆ. ಇನ್ನು ತೇವ ಸಿಕ್ಕರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಹೊರಗಿನ ಪದರವನ್ನು ಸೀಳುತ್ತದೆ. ಛಾವಣಿಯ ಚಕ್ಕೆ ಉದುರುವ ಹೊತ್ತಿಗೆ ಒಳಗಿನ ಕಥೆ ಬಹಳ ಮುಂದೆ ಹೋಗಿರುತ್ತದೆ.

ತಂತ್ರಜ್ಞಾನ ಕಲಿಯಬಹುದು. ಈ ಕೆಲಸದಲ್ಲಿ ಕಷ್ಟವಾದದ್ದು ಬೇರೆ. ಇಲ್ಲಿ ಗೆಲುವು ಕಣ್ಣಿಗೆ ಕಾಣಲ್ಲ. ಧಾರವಾಡದಲ್ಲಿ 2019ರ ಮಾರ್ಚ್‌ನಲ್ಲಿ ಕಟ್ಟುತ್ತಿದ್ದ ಸಂಕೀರ್ಣ ಕುಸಿದು 19 ಜನ ಸತ್ತರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್‌ನಲ್ಲಿ 9 ಜನ. ಬಿದ್ದದ್ದಕ್ಕೆ ಲೆಕ್ಕ ಇದೆ. ಸಮಯಕ್ಕೆ ಸರಿಯಾಗಿ ಕಂಬ ಗಟ್ಟಿ ಮಾಡಿಸಿದ್ದರಿಂದ ಬೀಳದೇ ಉಳಿದ ಕಟ್ಟಡದೊಳಗೆ ಎಷ್ಟು ಜನ ನೆಮ್ಮದಿಯಾಗಿ ಮಲಗಿದ್ದಾರೆ ಅನ್ನೋದಕ್ಕೆ ಲೆಕ್ಕ ಇಲ್ಲ. ಡಾಕ್ಟರಿಗೆ ವಾಸಿಯಾದ ರೋಗಿ ಕೈ ಮುಗಿಯುತ್ತಾನೆ. ಇಲ್ಲಿ 'ಸುಮ್ನೆ ಹೆದರಿಸಿ ಲಕ್ಷಗಟ್ಟಲೆ ಖರ್ಚು ಮಾಡಿಸಿದ' ಅನ್ನುವ ಮಾತು ಸಿಗುವ ಸಾಧ್ಯತೆಯೇ ಹೆಚ್ಚು.

ಎರಡನೆಯ ತೊಡಕು, ದುಡ್ಡು ಕೊಡುವವರದು. ವರದಿಗೆ ಫೀಸು ಕೊಡುವವರು ಮಾಲೀಕರು. ಅವರಿಗೆ ಬೇಕಾಗಿರುವುದು 'ಎಲ್ಲ ಸರಿ ಇದೆ' ಅನ್ನುವ ಒಂದು ಹಾಳೆ. ಆ ಸೂರಿನಡಿ ಮಲಗುವವರು ಪಿಜಿ ಹುಡುಗಿಯರು, ಬಾಡಿಗೆಯವರು, ಮೆಟ್ಟಿಲ ಕೆಳಗಿನ ವಾಚ್‌ಮನ್. ಅವರು ಫೀಸು ಕೊಟ್ಟಿಲ್ಲ, ವರದಿ ಓದುವುದೂ ಇಲ್ಲ. ಹಾಗಾದರೆ ಋಣ ಯಾರಿಗೆ?

ಮಲಗುವವರಿಗೆ, ಅಂತ ಥಟ್ಟನೆ ಹೇಳಿಬಿಡಬಹುದು. ಹಾಗಂತ ಕಂಡ ಬಿರುಕಿಗೆಲ್ಲ 'ಅಪಾಯ' ಅಂತ ಬರೆದರೆ ಧರ್ಮ ಪಾಲಿಸಿದಂತೆ ಆಗುತ್ತಾ? ಪ್ಲಾಸ್ಟರಿನ ಕೂದಲೆಳೆ ಬಿರುಕಿಗೂ ತೊಲೆಯ ಬಿರುಕಿಗೂ ಅಜಗಜಾಂತರ. ಗಟ್ಟಿಯಿರುವ ಮನೆಯನ್ನು ಕೆಡವಿ ಅಂದರೆ ಪಿಂಚಣಿಯಲ್ಲಿ ಬದುಕುವ ಒಬ್ಬ ಅಜ್ಜಿ ಬೀದಿಗೆ ಬರುತ್ತಾಳೆ. ನಾಳೆ ತನ್ನ ಮೇಲೆ ಮಾತು ಬರದಿರಲಿ ಅಂತ ಬರೆದ ಎಚ್ಚರಿಕೆಯೂ ಸುಳ್ಳೇ.

ಸತ್ಯ ಹೇಳಿದರೂ ಕೆಲಸ ಮುಗಿಯಲ್ಲ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಸಮುದ್ರದ ಪಕ್ಕ 12 ಮಹಡಿಯ ಅಪಾರ್ಟ್‌ಮೆಂಟ್ ಒಂದಿತ್ತು. ಈಜುಕೊಳದ ಸುತ್ತಲಿನ ಅಂಗಳದ ಸ್ಲ್ಯಾಬ್ ದೊಡ್ಡ ಮಟ್ಟದಲ್ಲಿ ಹಾಳಾಗಿದೆ ಅಂತ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ಕಟ್ಟಡ ಬೀಳಬಹುದು ಅನ್ನುವ ಮಾತು ಅದರಲ್ಲಿ ಇರಲಿಲ್ಲ. ದುರಸ್ತಿಗೆ ದುಡ್ಡು ಎಲ್ಲಿಂದ ಅಂತ ನಿವಾಸಿಗಳ ನಡುವೆ ಚರ್ಚೆ ಎಳೆಯಿತು. 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಕಟ್ಟಡ ಕುಸಿಯಿತು. ಸತ್ತವರು 98. ಕಾಣುವುದು ಒಂದು ವಿದ್ಯೆ. ಕಂಡದ್ದನ್ನು ಮೀಟಿಂಗಿನಲ್ಲಿ ಕೂತ ಸಾಮಾನ್ಯರಿಗೆ ಅರ್ಥವಾಗುವಂತೆ, ಎಷ್ಟು ತುರ್ತು ಅನ್ನುವುದೂ ಸೇರಿದಂತೆ ಹೇಳುವುದು ಇನ್ನೊಂದು ವಿದ್ಯೆ.

ನನಗನಿಸುವುದು ಇಷ್ಟು. ಈ ವೃತ್ತಿಯ ಪ್ರಾಮಾಣಿಕತೆ ಇರುವುದು ಮೂರು ಸಾಲಿನಲ್ಲಿ: ಇದನ್ನು ನೋಡಿದೆ, ಇದನ್ನು ನೋಡಲು ಆಗಲಿಲ್ಲ, ಇದು ಇಷ್ಟು ದಿನದೊಳಗೆ ಆಗಬೇಕು. ನಡುವಿನ ಸಾಲು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಟೈಲ್ಸ್ ಕೆಳಗೆ, ಫಾಲ್ಸ್ ಸೀಲಿಂಗ್ ಮೇಲೆ, ಬೀಗ ಹಾಕಿದ ಮನೆಯೊಳಗೆ ಏನಿದೆಯೋ ಗೊತ್ತಿಲ್ಲ ಅಂತ ಬರೆದು ಕೆಳಗೆ ಹೆಸರು ಹಾಕಬೇಕು. ಎಲ್ಲ ಗೊತ್ತಿರುವವರಂತೆ ಕಾಣುವುದಕ್ಕೇ ಸಂಬಳ ಸಿಗುವ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

ವೃತ್ತಿ ಆರಿಸುವ ಮಕ್ಕಳಿಗೆ ನಾವು ಕೇಳುವುದು ಎರಡೇ ಪ್ರಶ್ನೆ: ನಿಂಗೇನಿಷ್ಟ, ಪ್ಯಾಕೇಜ್ ಎಷ್ಟು. ಈ ದಾರಿ ಹಿಡಿಯುವವರು ಮೂರನೆಯದನ್ನೂ ಕೇಳಿಕೊಳ್ಳಲಿ: ಮುಖವೇ ನೋಡದವರಿಗೆ ನಾನು ಉತ್ತರದಾಯಿ ಆಗಿರಬಲ್ಲೆನಾ? ಹೌದು ಅನ್ನುವವರು ಬೇಗ ಬರಲಿ. ಉಳಿದ ನಾವು, ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಅವರ ವರದಿ ಮೇಜಿನ ಮೇಲೆ ಬಂದಾಗ, 'ಈ ವರ್ಷ ಬೇಡ, ಮೊದಲು ಪೇಂಟ್ ಮಾಡಿಸೋಣ' ಅನ್ನದಿದ್ದರೆ ಸಾಕು.