ತಿಳಿಸಲಾಗಿದೆ ಎಂದರೆ ಸಾಕೇ?

'ಈ ಮೂಲಕ ಸಾರ್ವಜನಿಕರಿಗೆ ತಿಳಿಸಲಾಗಿದೆ.' ಗ್ರಾಮ ಪಂಚಾಯಿತಿಯ ಫಲಕದಲ್ಲೂ ಜಿಲ್ಲಾ ಕಚೇರಿಯ ಪ್ರಕಟಣೆಯಲ್ಲೂ ನಾವು ಓದುವ ವಾಕ್ಯವಿದು. ತಿಳಿಸಿದವರು ಯಾರೆಂಬುದು ಇದರಲ್ಲಿಲ್ಲ. ತಿಳಿದುಕೊಂಡವರು ಯಾರೆಂಬುದೂ ಇಲ್ಲ. ನಮ್ಮ ವ್ಯಾಕರಣ ಮಾತ್ರ ನಿಷ್ಠುರವಾದುದು. ತಿಳಿಸುವುದೆಂದರೆ ತಿಳಿಯುವಂತೆ ಮಾಡುವುದು. ಕೇಳಿದವರಿಗೆ ತಿಳಿಯದಿದ್ದಲ್ಲಿ ನಡೆದದ್ದು ಸಾರುವಿಕೆಯೇ ಹೊರತು ತಿಳಿಸುವಿಕೆಯಲ್ಲ.

ರಾಜೂರ, ಗಜೇಂದ್ರಗಡ ಸೀಮೆಯವರು ಈ ಮಾತನ್ನು ಲಂಬಾಣಿ ತಾಂಡಾಗಳ ಎದುರಿಗಿಟ್ಟು ನೋಡಬೇಕು. ಅವರ ಮನೆಮಾತಾದ ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಮಂದಿಯ ಮಾತೃಭಾಷೆ ಲಂಬಾಣಿಯೆಂದು ದಾಖಲಾಯಿತು. ಆ ಲೆಕ್ಕವೂ ಹಿಂದಿಯ ಶೀರ್ಷಿಕೆಯಡಿ ಸೇರಿಹೋಯಿತು.

ತಾಂಡಾದವರಿಗೆ ಕನ್ನಡ ಬರುತ್ತದಲ್ಲವೇ ಎಂದು ಕೇಳುವವರುಂಟು. ಬರುತ್ತದೆ. ಸಂತೆಯ ಕನ್ನಡ, ಕೂಲಿಯ ಕನ್ನಡ ಬರುತ್ತದೆ. ಕಚೇರಿಯ ಕನ್ನಡವೇ ಬೇರೆ. ಅದು ಕನ್ನಡಿಗರಿಗೂ ಕಬ್ಬಿಣದ ಕಡಲೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ವಿತರಿಸಿದರು. ಫಲಾನುಭವಿ ಕುಟುಂಬಗಳು ಸುಮಾರು 50,000. ತಲೆಮಾರುಗಳಿಂದ ದಾಖಲೆಯಿಲ್ಲದೆ ಬದುಕಿದವರಿಗೆ ಅದು ದೊಡ್ಡ ಮಾತೇ ಸರಿ. ಆದರೆ ಆ ಕಾಗದ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಮನೆಯ ಅಜ್ಜಿಗೆ ಅರ್ಥವಾಗುವಂತೆ ಹೇಳದಿದ್ದರೆ, ಅರ್ಥ ಹೇಳಲು ದಲ್ಲಾಳಿ ಬರುತ್ತಾನೆ, ಹಣಕ್ಕೆ.

ಇದೇ ನೋವು ನಮ್ಮವರದಾದಾಗ ನಮಗೆ ಬೇಗ ತಿಳಿಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರಿಗೆ ಮಲಯಾಳದ ಅರ್ಜಿ ನಮೂನೆ ಕೊಟ್ಟರೆ ಅನ್ಯಾಯವೆನ್ನುತ್ತೇವೆ, ಅನ್ಯಾಯವೇ ಹೌದು. ಅದೇ ಅಳತೆಗೋಲನ್ನು ನಮ್ಮೂರ ಪಕ್ಕದ ತಾಂಡಾಕ್ಕೆ ಹಿಡಿಯಲು ಹಿಂಜರಿಯುವುದೇಕೆ?

ಭಾಷಾಂತರಿಸಿ ಅಚ್ಚು ಹಾಕಿಸಿದರೆ ಮುಗಿಯಿತೆಂದೂ ಅಲ್ಲ. ಬರಹದಲ್ಲಿ ಬೆಳೆಯದ ನುಡಿಗೆ ಭಿತ್ತಿಪತ್ರಕ್ಕಿಂತ ದನಿ ಮುಖ್ಯ. ಅದಕ್ಕಿಂತಲೂ ತಿರುಗಿ ಪ್ರಶ್ನೆ ಕೇಳಲು ಅವಕಾಶ ಮುಖ್ಯ. ಧ್ವನಿವರ್ಧಕ ಪ್ರಶ್ನೆಗೆ ಉತ್ತರಿಸದು. ಶಾಲೆಗೆ ಹೋಗುವ ಮಗನೇ ದುಭಾಷಿಯಾದರೆ ಸಾಲದೇ ಎಂಬುದು ಇನ್ನೊಂದು ಸುಲಭದ ಉಪಾಯ. ತಾಯಿ ತನ್ನ ಗರ್ಭಕೋಶದ ಬೇನೆಯನ್ನು ಹನ್ನೆರಡು ವರ್ಷದ ಮಗನ ಬಾಯಿಂದ ವೈದ್ಯರಿಗೆ ಹೇಳಿಸಬೇಕೇ? ಅವಳು ಸುಮ್ಮನಿದ್ದುಬಿಡುತ್ತಾಳೆ. ಆ ಮೌನವನ್ನು ನಾವು ಅಜ್ಞಾನವೆಂದು ಬರೆದುಕೊಳ್ಳುತ್ತೇವೆ.

2005ರಲ್ಲಿ ಆರಂಭವಾದ ಆಶಾ ಕಾರ್ಯಕ್ರಮದಲ್ಲಿ ಒಂದು ವಿವೇಕವಿತ್ತು: ಕಾರ್ಯಕರ್ತೆ ಅದೇ ಊರಿನ ನಿವಾಸಿಯಾಗಿರಬೇಕು. ತಾಂಡಾಕ್ಕೆ ತಾಂಡಾದ ಹೆಣ್ಣುಮಗಳೇ ಬಂದಾಗ ಮಾತಿಗೆ ತೊಡಕಿಲ್ಲ. ನಾಯಕ, ಕಾರಭಾರಿಗಳ ಸಮ್ಮುಖದಲ್ಲಿ ಕೂಡಿ ಮಾತನಾಡುವ ರೂಢಿಯೂ ತಾಂಡಾದಲ್ಲಿದೆ. ಅಧಿಕಾರಿ ಅಲ್ಲಿಗೆ ಹೋಗಿ ಕುಳಿತುಕೊಳ್ಳಬಹುದು. ಹೋಗುವ ಮುನ್ನ ಜನ ಊರಲ್ಲಿದ್ದಾರೆಯೇ ಎಂದು ವಿಚಾರಿಸಬೇಕು. ಎಷ್ಟೋ ಕುಟುಂಬಗಳು ಗೋವೆಯ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೊರಟುಹೋಗಿರುತ್ತವೆ. ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ನೋಟಿಸಿನಲ್ಲೂ 'ತಿಳಿಸಲಾಗಿದೆ' ಎಂದೇ ಇರುತ್ತದೆ.